ವಾರಕ್ಕೊಂದು ವಿಷಯ, ತಲೆಗೊಂದು ಮುಖಪುಟ: ನಿಮ್ಮಲ್ಲಿ ಹೇಗೆ ನಡೀತದೆ?

ಕಲಬುರಗಿಯಿಂದ ಕೇಳುತ್ತಿದ್ದೇನೆ. ನಾವು ಒಂಬತ್ತು ಮಂದಿ, ಎಲ್ಲರಿಗೂ ಹಳೇ ಕಾಮಿಕ್ಸ್ ಹುಚ್ಚು. ಚಳಿಗಾಲದಲ್ಲಿ ಒಂದು ಆಟ ಶುರು ಮಾಡಿದೆವು. ವಾರಕ್ಕೊಂದು ವಿಷಯ. ಭಾನುವಾರ ನಮ್ಮ ಮಾಳಿಗೆ ಮೇಲೆ ಸೇರೋದು, ಆ ವಿಷಯಕ್ಕೆ ಹೊಂದುವ ಮುಖಪುಟವನ್ನು ಒಬ್ಬೊಬ್ಬರೂ ತೋರಿಸೋದು. ಮೊದಲ ವಾರ ‘ನೆಚ್ಚಿನ ಹೀರೊ’ ಅಂತ ಇಟ್ಟೆವು. ಆರು ಮಂದಿ ಫ್ಯಾಂಟಮ್ ತಂದರು. ಮುಂದಿನ ವಾರ ‘ಅತಿ ಚಂದದ ಮುಖಪುಟ’. ಅದೇ ಆರು ಮಂದಿ, ಅದೇ ಫ್ಯಾಂಟಮ್. ಈಗ ಬರುವವರು ನಾಲ್ಕೇ ಜನ. ಅದರಲ್ಲೂ ಒಬ್ಬರು ಚಹಾಕ್ಕಾಗಿ ಬರುತ್ತಾರೆ ಅಂತ ನನಗೆ ಅನುಮಾನ. ನನ್ನ ಅಕ್ಕನ ಮಗ ಬೇರೆ, ಫೋನಿನಲ್ಲಿ ಮೂವತ್ತು ಅಮೆರಿಕದ ಮುಖಪುಟ ಇಳಿಸಿಕೊಂಡು ಬಂದು ಸರಸರ ಸರಿಸುತ್ತಾನೆ. ಯಾರೂ ನೋಡೋದಿಲ್ಲ.

ಇಂಥದ್ದು ನಡೆಸಿದವರು ಯಾರಾದರೂ ಇದ್ದರೆ ಹೇಳ್ರಿ. ಎಂಥ ವಿಷಯ ಇಡಬೇಕು? ಫೋನಿನ ಚಿತ್ರಕ್ಕೆ ಅವಕಾಶ ಕೊಡಬೇಕಾ? ಈ ಬಿಸಿಲಿಗೆ ಪುಸ್ತಕ ಹಾಳಾಗುತ್ತವೆ ಅಂತ ಇಬ್ಬರು ತರೋದನ್ನೇ ಬಿಟ್ಟಿದ್ದಾರೆ, ಅದಕ್ಕೇನು ಮಾಡೋದು?

ಬೀದರ್, ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು:

ನಿಮ್ಮ ತೊಂದರೆ ಇರೋದು ವಿಷಯದಲ್ಲೇ ರೀ. ‘ನೆಚ್ಚಿನ’, ‘ಚಂದದ’ ಅಂದರೆ ಹುಡುಕುವ ಕೆಲಸವೇ ಇಲ್ಲ. ಮನಸ್ಸಿನಲ್ಲಿ ಮೊದಲೇ ಕೂತಿದ್ದನ್ನು ಎತ್ತಿಕೊಂಡು ಬರುತ್ತಾರೆ ಅಷ್ಟೆ. ಕಣ್ಣಿಗೆ ಕಾಣುವ ಒಂದು ವಸ್ತು ಇಡ್ರಿ. ಕೊಡೆ, ಏಣಿ, ಕನ್ನಡಿ, ಮುರಿದ ಬಾಗಿಲು. ಆಗ ಮನೆಯಲ್ಲಿರುವ ಟ್ರಂಕು ತೆಗೀತಾರೆ, ನೆಲದ ಮೇಲೆ ಎಲ್ಲಾ ಹರವುತ್ತಾರೆ. ಮಜಾ ಇರೋದು ಅಲ್ಲೇ.

ನಾನು ಶಾಲೆಯ ಗೋಡೆಗೆ ಎರಡು ಮೊಳೆ ಹೊಡೆದು ಸುತ್ಲಿ ಕಟ್ಟಿದ್ದೇನೆ. ಶನಿವಾರ ಮಕ್ಕಳು ಬಟ್ಟೆ ಕ್ಲಿಪ್ಪಿನಲ್ಲಿ ಮುಖಪುಟದ ಫೋಟೊ ಪ್ರಿಂಟ್ ಸಿಗಿಸುತ್ತಾರೆ. ಒಂದು ಸಲ ‘ಬೆನ್ನು’ ಅಂತ ಇಟ್ಟೆ. ಹೀರೊ ನಮಗೆ ಬೆನ್ನು ಕೊಟ್ಟು ನಿಂತಿರುವ ಮುಖಪುಟ ತರಬೇಕು. ಎಂಟನೇ ಕ್ಲಾಸಿನ ಒಬ್ಬ ಹುಡುಗ ಸೋಮವಾರ ಬಂದು, "ಸರ್, ಮನ್ಯಾಗ ಇದ್ದಬದ್ದವೆಲ್ಲಾ ತೆಗ್ದು ನೋಡ್ದೆ, ಎಲ್ಲಾರೂ ನಮ್ ಕಡೀನೇ ನೋಡ್ತಾರ" ಅಂದ. ಬರಿಗೈಯಲ್ಲಿ ಬಂದಿದ್ದ. ಆದರೆ ಆ ವಾರ ಅವನು ಕಂಡುಕೊಂಡಿದ್ದೇ ದೊಡ್ಡದು. ಅಂಗಡಿಯಲ್ಲಿ ಹಗ್ಗಕ್ಕೆ ನೇತು ಹಾಕುವ ಪುಸ್ತಕ, ದಾರಿಯಲ್ಲಿ ಹೋಗುವವನ ಕಣ್ಣಿಗೆ ಕಣ್ಣು ಕೊಡಬೇಕಲ್ಲ. ಬೆನ್ನು ತೋರಿಸಿದರೆ ಯಾರು ಕೊಳ್ತಾರೆ?

‘ಕನ್ನಡಿ’ ಇಟ್ಟಾಗ ನಾನೇ ಒಂದು ತಂದೆ. ಹಲ್ಕ್ ಅನ್ನೋ ದೈತ್ಯ ಹೀರೊನ ಕಾಮಿಕ್ಸು, 1988ರ 340ನೇ ಸಂಚಿಕೆ, ಟಾಡ್ ಮ್ಯಾಕ್‌ಫಾರ್ಲೇನ್ ಬರೆದಿದ್ದು. ಮುಖಪುಟದ ತುಂಬ ಅವನ ಎದುರಾಳಿ ವುಲ್ವರೀನ್ ಮುಖ, ಅದರ ಮುಂದೆ ವುಲ್ವರೀನ್‌ನ ಲೋಹದ ಉಗುರು. ಹಲ್ಕ್ ಎಲ್ಲಿ ಅಂತ ಹುಡುಕಬೇಕು. ಉಗುರಿನ ಹೊಳಪಿನಲ್ಲಿ ಪ್ರತಿಬಿಂಬವಾಗಿ ಸಿಗುತ್ತಾನೆ. ಇಬ್ಬರು ಕಾದಾಡುವ ಚಿತ್ರವೇ ಇಲ್ಲ, ಆದರೂ ಕಾದಾಟ ಕಾಣುತ್ತದೆ.

ಇನ್ನೊಂದು ವಾರ ‘ಕಪ್ಪು’. ನಮ್ಮೂರಲ್ಲಿ ಈ ವಿಷಯ ಇಡದೆ ಹೇಗೆ? ಸೂಪರ್‌ಮ್ಯಾನ್ ಸಾಯುವ 1992ರ ಸಂಚಿಕೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಕೊಂಡು ಬಂದಿತ್ತು, ಮೇಲೆ ರಕ್ತ ಸೋರುವ ಆ ಎಸ್ ಗುರುತು ಮಾತ್ರ. 2001ರ ಸೆಪ್ಟೆಂಬರ್ ದಾಳಿಯ ಮೇಲೆ ಬಂದ ಸ್ಪೈಡರ್‌ಮ್ಯಾನ್ ಸಂಚಿಕೆಯ ಮುಖಪುಟದಲ್ಲಿ ಚಿತ್ರವೇ ಇಲ್ಲ, ಬರೀ ಕಪ್ಪು ಹಾಳೆ, ಹೆಸರು ಮತ್ತು ಕಪ್ಪು. ಎರಡರ ಪ್ರಿಂಟೂ ತೂಗು ಹಾಕಿದ್ದೆ. ಬಿದ್ರಿ ಕೆಲಸದವರ ಮನೆಯ ಹುಡುಗನೊಬ್ಬ ಬಹಳ ಹೊತ್ತು ನೋಡಿದ. "ಇದ್ರಾಗ ಕಪ್ಪು ಹಚ್ಯಾರ ಸರ್. ನಮ್ದ್ರಾಗ ಕಪ್ಪು ಬರ್ತದ." ಹೌದು, ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿದ ಲೋಹ. ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಿಗೆ ಅದು ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಮಾತು ಕೇಳಿದ ಮೇಲೆ ನನ್ನ ಪಾಠ ಅಲ್ಲಿಗೇ ನಿಲ್ಲಿಸಿದೆ.

ಸೇಡಂ:

ಗೊರಿಲ್ಲಾ ಇಡ್ರಿ. ಸುಮ್ನೆ ಹೇಳ್ತಿಲ್ಲ. 1951ರಲ್ಲಿ ಸ್ಟ್ರೇಂಜ್ ಅಡ್ವೆಂಚರ್ಸ್ 8ನೇ ಸಂಚಿಕೆ ಬಂತು. ಮುಖಪುಟದಲ್ಲಿ ಪಂಜರದೊಳಗಿನ ಗೊರಿಲ್ಲಾ ಒಬ್ಬ ಹೆಣ್ಣುಮಗಳಿಗೆ ಬರಹ ಎತ್ತಿ ತೋರಿಸ್ತದೆ, ನಾನು ಪ್ರಯೋಗಕ್ಕೆ ಸಿಕ್ಕಿ ಹೀಗಾದೆ, ನನ್ನ ನಂಬು ಅಂತ. ಅದು ಜೋರು ಖರ್ಚಾಯಿತು. ಆಮೇಲೆ ಅದನ್ನ ಹೊರತರ್ತಿದ್ದ ಡಿಸಿ ಕಂಪನಿಯ ಸಂಪಾದಕರೆಲ್ಲಾ ನನಗೂ ಒಂದು ಗೊರಿಲ್ಲಾ ಅಂತ ಬಿದ್ದರು. ಕೊನೆಗೆ ತಿಂಗಳಿಗೆ ಒಂದೇ ಗೊರಿಲ್ಲಾ ಅಂತ ಕಟ್ಟು ಮಾಡಬೇಕಾಯಿತಂತೆ. ನಿಮ್ಮ ಅಕ್ಕನ ಮಗನಿಗೆ ಇದನ್ನ ಹಚ್ರಿ, ಒಂದು ವಾರ ಸುಮ್ಮನಿರ್ತಾನೆ.

ಕಲಬುರಗಿ, ಸೂಪರ್ ಮಾರ್ಕೆಟ್ ಕಡೆಯವರು:

ನಮ್ಮಪ್ಪಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ಕವರ್ ಮಾರ್ತಾರೆ. ಕವರ್ ಬಿಟ್ಟು ಹೋಗಲಿಲ್ಲ ನೋಡ್ರಿ ಆ ಜಾಗ.

ನಾಲ್ಕಾಣೆಗೆ ಒಂದು ದಿನ. ಚಾಚಾ ಚೌಧರಿ, ನಾಗರಾಜ್, ಸೂಪರ್ ಕಮಾಂಡೊ ಧ್ರುವ, ಹೆಚ್ಚಿನವು ಹಿಂದಿಯವೇ. ನಮ್ಮ ಓಣಿಯಲ್ಲಿ ಮನೆಯೊಳಗೆ ಕನ್ನಡ, ಹೊರಗೆ ಉರ್ದು. ಹಿಂದಿ ಓದೋದನ್ನ ಚಾಚಾ ಚೌಧರಿಯ ಜೊತೆಗಾರ ಸಾಬು ಕಲಿಸಿದ. ಹೊಸ ಪುಸ್ತಕ ಬಂದ ದಿನ ಅಪ್ಪ ಮೊದಲು ಮಾಡುತ್ತಿದ್ದ ಕೆಲಸ ಅಂದರೆ ಮುಖಪುಟ ಬಿಡಿಸೋದು. ಪಿನ್ ಮೆಲ್ಲಗೆ ಎಬ್ಬಿಸಿ ತೆಗೆದು, ಅದನ್ನು ಮಿಠಾಯಿ ಡಬ್ಬದ ರಟ್ಟಿಗೆ ಅಂಟಿಸಿ, ದಬ್ಬಣದಿಂದ ಮೂರು ತೂತು ಹಾಕಿ ದಾರದಲ್ಲಿ ಹೊಲಿದುಬಿಡುವುದು. ಆಮೇಲೆ ನೇರಳೆ ಮಸಿಯ ಮುದ್ರೆ. ಎಲ್ಲಿ ಹೊಡೆಯುತ್ತಿದ್ದ ಅಂದ್ರೆ ಹೀರೊನ ಮುಖದ ಮೇಲೇ. ಕದ್ದರೂ ಮಾರೋಕೆ ಆಗಬಾರದು ಅಂತ. ನಾಗರಾಜನ ಹಣೆಗೆ ಅಂಗಡಿ ಹೆಸರು, ಗಲ್ಲಕ್ಕೆ 214 ನಂಬರು. ನನಗೆ ಈಗಲೂ ಮುದ್ರೆ ಇಲ್ಲದ ನಾಗರಾಜ ಯಾರೋ ಬೇರೆಯವನ ಹಾಗೆ ಕಾಣ್ತಾನೆ.

ಅದಕ್ಕೇ ನನ್ನ ಸಲಹೆ, ಒಂದು ವಾರ ‘ಗಾಯವಾದ ಮುಖಪುಟ’ ಇಡಿ. ಹರಿದದ್ದು, ಹೊಲಿದದ್ದು, ಮೀಸೆ ಬರೆದದ್ದು, ಚಹಾ ಬಟ್ಟಲಿನ ವೃತ್ತ ಬಿದ್ದದ್ದು. ಇದಕ್ಕೆ ಫೋನಿನ ಚಿತ್ರ ನಡೆಯೋದಿಲ್ಲ, ಸ್ವಂತ ಪುಸ್ತಕವೇ ಬೇಕು. ಜೊತೆಗೆ ಗಾಯ ಹೇಗಾಯಿತು ಅಂತ ಹೇಳಬೇಕು. ನಮ್ಮಲ್ಲಿ ಅವತ್ತು ರಾತ್ರಿ ಹನ್ನೊಂದಾದರೂ ಯಾರೂ ಏಳಲಿಲ್ಲ.

ಇನ್ನೊಂದು ಒಳ್ಳೆ ವಿಷಯ ‘ಒಂದೇ ಕೈ’. ಬರೆದವರು ಒಬ್ಬರೇ, ಪುಸ್ತಕ ಮಾತ್ರ ಎತ್ತಣ ಮಾಮರ ಎತ್ತಣ ಕೋಗಿಲೆ. ಪ್ರತಾಪ್ ಮುಳಿಕ್ ಅಮರ ಚಿತ್ರಕಥೆಗೂ ಬರೆದರು, ನಾಗರಾಜನನ್ನೂ ಬರೆದರು. ರಾಮ್ ವಾಯೀರ್ಕರ್ ಅಮರ ಚಿತ್ರಕಥೆಯ ಕೃಷ್ಣನನ್ನು ಬರೆದವರು. ಮಕ್ಕಳ ಪತ್ರಿಕೆ ಟಿಂಕಲ್‌ನ ಪೆದ್ದ ಸುಪ್ಪಂದಿ ಕೂಡ ಅವರ ಕೈಯದೇ. ಎರಡನ್ನೂ ಪಕ್ಕಪಕ್ಕ ಇಟ್ಟು ಕಣ್ಣು, ಬೆರಳು ನೋಡ್ರಿ. ನಾನಂತೂ ಕೃಷ್ಣನ ಪಕ್ಕ ಸುಪ್ಪಂದಿ ಇಟ್ಟಾಗ ನಮ್ಮ ಮಾವ ಬೈದರು, ಆಮೇಲೆ ಅವರೇ ಕನ್ನಡಕ ಏರಿಸಿಕೊಂಡು ಬಗ್ಗಿದರು.

ಒಂದು ಎಚ್ಚರಿಕೆ. ಲ್ಯಾಮಿನೇಷನ್ ಮಾಡಿಸಬೇಡಿ. ಉಳಿದಿದ್ದ ಐದು ಮುಖಪುಟವನ್ನು ಒಂದು ಝೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ಬಿಸಿ ರೋಲರಿನಿಂದ ಹೊರಗೆ ಬಂದಾಗ ಎರಡರಲ್ಲಿ ಗುಳ್ಳೆ ಎದ್ದಿತ್ತು, ಒಂದು ಅಡ್ಡಾದಿಡ್ಡಿ ಸಿಕ್ಕಿ ಮಡಚಿಹೋಗಿತ್ತು. ಬಿಡಿಸೋಕೆ ಹೋದರೆ ಬಣ್ಣವೇ ಪ್ಲಾಸ್ಟಿಕ್ಕಿಗೆ ಅಂಟಿ ಬರ್ತದೆ. "ಹಳೇ ಕಾಗದ ಸರ್, ನಾವೇನ್ ಮಾಡೋದು" ಅಂದರು. ದುಡ್ಡು ಮಾತ್ರ ಐದಕ್ಕೂ ತಗೊಂಡರು.

ಸುರಪುರ, ಲೈಬ್ರರಿ ಕೆಲಸದವರು:

ಬಿಸಿಲಿನ ಪ್ರಶ್ನೆಗೆ ನಾನು ಹೇಳ್ತೀನಿ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಷ್ಟೂ ಅದು ಹಳದಿಯಾಗಿ ಪುಡಿಯಾಗುತ್ತದೆ, ಶಾಖ ಇದ್ದರೆ ಇನ್ನೂ ಬೇಗ. ಹಾಗಾಗಿ ಹೊತ್ತು ಮುಳುಗಿದ ಮೇಲೆ ಸೇರಿ. ಮಾಳಿಗೆ ಕೋಣೆಯಲ್ಲಿ ಟ್ರಂಕು ಇಟ್ಟಿದ್ದರೆ ಇವತ್ತೇ ಕೆಳಗೆ ಇಳಿಸಿ. ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ, ಮಾಳಿಗೆ ಕೋಣೆಯ ತಗಡಿನ ಟ್ರಂಕಿನೊಳಗೆ ಇನ್ನೂ ಜಾಸ್ತಿ. ಹರಿದ ಕಡೆ ಸೆಲ್ಲೊಟೇಪ್ ಬೇಡವೇ ಬೇಡ. ಕೆಲವು ವರ್ಷಕ್ಕೆ ಟೇಪು ಉದುರುತ್ತದೆ, ಕಂದು ಪಟ್ಟಿ ಉಳಿಯುತ್ತದೆ. ಗಂಜಿ ಅಂಟು ಹಚ್ಚಿದರೆ ಹುಳಕ್ಕೆ ಊಟ ಇಟ್ಟ ಹಾಗೆ. ಬೇವಿನ ಎಲೆ ಇಡೋದಾದರೆ ಪೂರ್ತಿ ಒಣಗಿದ್ದು ಇಡಿ, ಹಸಿದು ಇಟ್ಟು ಬೂಸ್ಟು ಹಿಡಿಸಿಕೊಂಡವರನ್ನು ನೋಡಿದ್ದೇನೆ.

ತರೋದಕ್ಕೆ ನಾನು ಮಾಡುವ ಉಪಾಯ: ಮಕ್ಕಳ ಪರೀಕ್ಷೆ ಪ್ಯಾಡ್ ಎರಡು. ನಡುವೆ ಪುಸ್ತಕ, ಮೇಲೆ ಅಗಲ ರಬ್ಬರು. ಬಸ್ಸಿನಲ್ಲಿ ಯಾರ ಮೊಣಕೈ ತಗುಲಿದರೂ ಮೂಲೆ ಮಡಚೋದಿಲ್ಲ.

ಒಂದು ಜಗಳಕ್ಕೂ ತಯಾರಾಗಿರಿ. ‘ಹೆಗಲ ಮೇಲೆ’ ಅಂತ ವಿಷಯ ಇಟ್ಟಾಗ ನಾನು ಚಂದಮಾಮದ ಬೇತಾಳ ತಂದೆ. ಶಂಕರ್ ಬರೆದ ಚಿತ್ರ, ರಾಜನ ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ. ಒಬ್ಬರು ಎದ್ದು ನಿಂತು, "ಇದು ಒಳಪುಟದ್ದು. ಅಲ್ಲದೆ ಚಂದಮಾಮ ಕಾಮಿಕ್ಸೇ ಅಲ್ಲ" ಅಂದರು. ಎರಡೂ ನಿಜ. ಆದರೂ ಆ ಚಿತ್ರ ಬೇಡ ಅನ್ನೋಕೆ ಉಳಿದ ಯಾರಿಗೂ ಬಾಯಿ ಬರಲಿಲ್ಲ. ಅದರ ಎದುರು ಮತ್ತೊಬ್ಬರು 1985ರ ಒಂದು ಮುಖಪುಟ ಇಟ್ಟರು. ಜಾರ್ಜ್ ಪೆರೆಜ್ ಬರೆದದ್ದು. ಸೂಪರ್‌ಮ್ಯಾನ್ ಸತ್ತ ಸೂಪರ್‌ಗರ್ಲ್‌ಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಳುತ್ತಾನೆ. ಹೆಗಲಲ್ಲ, ತೋಳು. ಅದನ್ನೂ ಬಿಟ್ಟುಕೊಂಡೆವು. ನಿಯಮ ಸ್ವಲ್ಪ ಸಡಿಲ ಇರಲಿ ರೀ.

ಯಾದಗಿರಿ, ಡಿಗ್ರಿ ಓದುವ ಹುಡುಗ:

ಅಣ್ಣ, ಫೋನಿನಲ್ಲಿ ತೋರಿಸುವವರ ಪರವಾಗಿ ಒಂದು ಮಾತು. ನಿಮಗೆ ಟ್ರಂಕು ಇದೆ, ನಮಗೆ ಇಲ್ಲ. ನಾವು ಹುಟ್ಟುವ ಹೊತ್ತಿಗೆ ಬಾಡಿಗೆ ಅಂಗಡಿ ಮುಚ್ಚಿದ್ದವು, ಫ್ಯಾಂಟಮ್ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸ್ 1990ಕ್ಕೇ ನಿಂತಿತ್ತು. ಒಂದೇ ಚಿತ್ರ ತೋರಿಸು, ಅದರ ಬಗ್ಗೆ ಎರಡು ನಿಮಿಷ ಮಾತಾಡು ಅಂತ ಹೇಳಿ ನೋಡಿ. ನನಗೆ ನಮ್ಮ ಗುಂಪಿನಲ್ಲಿ ಹಾಗೇ ಹೇಳಿದರು. ಮೇ ತಿಂಗಳಲ್ಲಿ ವಿಷಯ ‘ಹಿಮ’. ಫ್ಯಾನೂ ಇಲ್ಲ, ಕರೆಂಟ್ ಹೋಗಿತ್ತು. ನಾನು ಟಿಬೆಟ್‌ಗೆ ಹೋದ ಟಿನ್‌ಟಿನ್ ತೋರಿಸಿದೆ. ಎರ್ಜೆ ಮೊದಲು ಬರೆದ ಮುಖಪುಟದ ಹಿನ್ನೆಲೆಯಲ್ಲಿ ಬರೀ ಬಿಳಿ ಇತ್ತು. ಇದು ಅರ್ಥವಾಗಲ್ಲ ಅಂತ ಪ್ರಕಾಶಕರು ಒಪ್ಪಲಿಲ್ಲ. ಆಮೇಲೆ ಮೇಲ್ಗಡೆ ಬೆಟ್ಟದ ಸಾಲು ಸೇರಿಸಿದರು. ನಾನು ಹೆಬ್ಬೆರಳಿನಿಂದ ಆ ಬೆಟ್ಟ ಮುಚ್ಚಿ ತೋರಿಸಿದೆ. ಎಲ್ಲರೂ ಫೋನ್ ಕಸಕೊಂಡು ಮುಚ್ಚಿ ಮುಚ್ಚಿ ನೋಡಿದರು.

ಮತ್ತೆ, ಓಟು ಹಾಕಿಸಬೇಡಿ. ನಮ್ಮಲ್ಲಿ ಹಾಕಿಸಿದ್ವಿ. ಒಬ್ಬ ಕಾಕಾ ಮೂರು ವಾರ ಗೆದ್ದರು, ಯಾಕಂದ್ರೆ ಮಿರ್ಚಿ ಭಜಿ ಅವರೇ ತರ್ತಿದ್ರು. ಈಗ ಡಬ್ಬಿಯಲ್ಲಿ ಚೀಟಿ. ಎಲ್ಲರೂ ಒಂದೊಂದು ವಿಷಯ ಬರೆದು ಹಾಕಿ, ಒಂದು ಎತ್ತೋದು.

ಬೀದರ್ ಮೇಷ್ಟ್ರು ಮತ್ತೆ:

ಓಟಿನ ವಿಚಾರದಲ್ಲಿ ನಾನು ಒಪ್ಪೋದಿಲ್ಲ. ಮಕ್ಕಳಿಗೆ ಗೆಲುವು ಬೇಕು. ದೊಡ್ಡವರಿಗೆ ಬೇಡ ಅಂದರೆ ಅದು ಬೇರೆ ಮಾತು. ‘ಗುದ್ದು’ ಅಂತ ಚೀಟಿ ಬಂದರೆ ಕ್ಯಾಪ್ಟನ್ ಅಮೆರಿಕ ಮೊದಲ ಸಂಚಿಕೆ ಮರೀಬೇಡ್ರಿ. 1941ರ ಮಾರ್ಚ್ ತಾರೀಖಿನದು, ಹಿಟ್ಲರನ ದವಡೆಗೆ ಹೊಡೀತಾನೆ. ಅಮೆರಿಕ ಆಗಿನ್ನೂ ಯುದ್ಧಕ್ಕೇ ಇಳಿದಿರಲಿಲ್ಲ.

ಕೇಳಿದವರು, ಎರಡು ವಾರದ ಮೇಲೆ:

ಎಲ್ಲರಿಗೂ ಶರಣು. ಮೇಷ್ಟ್ರ ‘ಬೆನ್ನು’ ಇಟ್ಟು ನೋಡಿದೆವು. ಏಳು ಗಂಟೆಗೆ ಸೇರಿದೆವು, ಎಂಟು ಮಂದಿ ಬಂದರು. ಫ್ಯಾಂಟಮ್‌ನವರು ಆರೂ ಜನ ಇಡೀ ವಾರ ಟ್ರಂಕು ಕೆದರಿದ್ದಾರೆ. ಒಬ್ಬರು ಗೆದ್ದ ಮುಖ ಮಾಡಿಕೊಂಡು ಬಂದು ಒಂದು ಪುಸ್ತಕ ಇಟ್ಟರು. ನೋಡಿದರೆ ಫ್ಯಾಂಟಮ್ ನಮ್ಮ ಕಡೆಗೇ ತಿರುಗಿದ್ದಾನೆ, ಬೆನ್ನು ಕಾಣೋದು ಕುದುರೆಯದು. "ವಿಷಯ ಬೆನ್ನು ಅಂದ್ರಿ, ಯಾರ ಬೆನ್ನು ಅಂತ ಹೇಳಿದ್ರೇನು?" ಅಂದರು. ಅರ್ಧ ಗಂಟೆ ಅದೇ ನಡೆಯಿತು. ಚಹಾದವರು, ಅಂದರೆ ನಾನು ಅನುಮಾನ ಪಟ್ಟಿದ್ದವರು, ಕುದುರೆ ಪರ ವಾದ ಮಾಡಿದರು. ಅವರ ಚಹಾ ಆರಿಹೋಯಿತು.

ಅಕ್ಕನ ಮಗನಿಗೆ ಒಂದೇ ಚಿತ್ರ, ಎರಡು ನಿಮಿಷ ಅಂದೆ. ಸಿಟ್ಟು ಮಾಡಿಕೊಂಡ. ಆಮೇಲೆ ಮಾತಾಡಿದ್ದು ಹದಿನೈದು ನಿಮಿಷ. ಪರೀಕ್ಷೆ ಪ್ಯಾಡ್ ಆರು ಜೊತೆ ತಂದಿಟ್ಟಿದ್ದೇನೆ. ತರೋದು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬರು ತಂದರು, ಇನ್ನೊಬ್ಬರು ಮಳೆ ಬಿದ್ದ ಮೇಲೆ ನೋಡೋಣ ಅಂದಿದ್ದಾರೆ. ಟ್ರಂಕು ಇನ್ನೂ ಮೇಲೇ ಇದೆ, ಇಳಿಸೋಕೆ ಇಬ್ಬರು ಬೇಕು.

ಚೀಟಿ ಎತ್ತಿಯೂ ಆಯಿತು. ಮುಂದಿನ ಭಾನುವಾರದ ವಿಷಯ ‘ಕತ್ತೆ’. ಬರೆದವರು ಯಾರು ಅಂತ ಯಾರೂ ಒಪ್ಪಿಕೊಳ್ಳುತ್ತಿಲ್ಲ. ನನ್ನ ಹತ್ತಿರ 160 ಪುಸ್ತಕ ಇವೆ, ಮುಖಪುಟದಲ್ಲಿ ಒಂದೂ ಕತ್ತೆ ಇಲ್ಲ. ಯಾರ ಹತ್ತಿರವಾದರೂ ಇದ್ದರೆ ತಿಳಿಸ್ರಿ, ಬಂದು ಒಯ್ತೀನಿ, ಸೋಮವಾರ ವಾಪಸ್ ಕೊಡ್ತೀನಿ.