ಐವತ್ತು ದಾಟಿದ ಮುಖಕ್ಕೆ ಕೈಗೆಟುಕುವ ಫೌಂಡೇಶನ್ ಯಾವುದು? ಮೇಕಪ್ ಕಲಾವಿದೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ ಮೇಡಂ. ನನಗೆ 54 ವರ್ಷ. ಮುಟ್ಟು ನಿಂತ ಮೇಲೆ ಮುಖ ತುಂಬಾ ಒಣಗುತ್ತಿದೆ. ಕಣ್ಣಿನ ಕೆಳಗೆ, ಬಾಯಿಯ ಎರಡೂ ಪಕ್ಕ ಗೆರೆ ಬಂದಿವೆ. ಮಗಳ ನಿಶ್ಚಿತಾರ್ಥಕ್ಕೆ ಪಾರ್ಲರ್‌ನಲ್ಲಿ ಮೇಕಪ್ ಮಾಡಿಸಿದ್ದೆ. ಬೆಳಿಗ್ಗೆ ಚೆನ್ನಾಗಿತ್ತು. ಊಟದ ಹೊತ್ತಿಗೆ ಗೆರೆಗಳಲ್ಲೆಲ್ಲಾ ಫೌಂಡೇಶನ್ ಕೂತು, ಇದ್ದ ವಯಸ್ಸಿಗಿಂತ ಹತ್ತು ವರ್ಷ ಜಾಸ್ತಿ ಕಾಣುತ್ತಿದ್ದೆ. ಫೋಟೋ ನೋಡಿ ಬೇಜಾರಾಯ್ತು. ಈಗ ಮದುವೆ ಹತ್ತಿರ ಬಂದಿದೆ, ಈ ಸಲ ನಾನೇ ಹಚ್ಚಿಕೊಳ್ಳಬೇಕು ಅಂತಿದ್ದೀನಿ. 700 ರೂಪಾಯಿ ಒಳಗೆ, ಮೇಕಪ್ ಹಾಕಿದ್ದೀನಿ ಅಂತ ಎದ್ದು ಕಾಣದ ಹಾಗೆ ಇರುವಂಥದ್ದು ಯಾವುದಾದರೂ ಇದೆಯಾ?

ಉತ್ತರ (ಮೇಕಪ್ ಕಲಾವಿದೆ):
ನಮಸ್ಕಾರ ಅಕ್ಕ. ಖಂಡಿತ ಇದೆ, ನಿಮ್ಮ ಬಜೆಟ್‌ನಲ್ಲೇ ಸಿಗುತ್ತದೆ. ಆದರೆ ಬ್ರಾಂಡ್ ಹೆಸರು ಹೇಳುವ ಮುಂಚೆ, ಆವತ್ತು ಹಾಗೆ ಯಾಕಾಯ್ತು ಅಂತ ಹೇಳುತ್ತೇನೆ. ಅದು ಗೊತ್ತಾದರೆ ಅಂಗಡಿಯಲ್ಲಿ ಯಾರೂ ನಿಮಗೆ ತಪ್ಪು ಬಾಟಲಿ ಕೊಡೋಕೆ ಆಗಲ್ಲ.

ಮುಟ್ಟು ನಿಂತ ಮೇಲೆ ಚರ್ಮದಲ್ಲಿ ಜಿಡ್ಡು ಕಡಿಮೆಯಾಗುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕಾಲಜನ್, ಮೊದಲ 5 ವರ್ಷದಲ್ಲೇ ಸುಮಾರು ಶೇ. 30ರಷ್ಟು ಇಳಿಯುತ್ತದೆ. ಹಳೆಯ ಜೀವಕೋಶ ಉದುರಿ ಹೊಸದು ಬರುವುದೂ ನಿಧಾನ. ಹಾಗಾಗಿ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಒಣ ಸಿಪ್ಪೆ ಇರುತ್ತದೆ. ಈಗ ಮ್ಯಾಟ್, ಅಂದರೆ ಹೊಳಪಿಲ್ಲದ ಫೌಂಡೇಶನ್ ವಿಷಯಕ್ಕೆ ಬನ್ನಿ. ಅದರಲ್ಲಿ ಜಿಡ್ಡು ಹೀರೋಕೆ ಅಂತಲೇ ಸಿಲಿಕಾ ಥರದ ಪುಡಿ ಹಾಕಿರುತ್ತಾರೆ. ಇಪ್ಪತ್ತು ವರ್ಷದ ಹುಡುಗಿಯ ಎಣ್ಣೆ ಮುಖಕ್ಕೆ ಅದು ಸರಿ. ನಿಮ್ಮ ಮುಖದಲ್ಲಿ ಹೀರೋಕೆ ಜಿಡ್ಡೇ ಇಲ್ಲ, ಇರುವ ಸ್ವಲ್ಪ ತೇವವೂ ಹೋಗಿಬಿಡುತ್ತದೆ. ಮೇಲೆ ಉಳಿಯುವುದು ಗಟ್ಟಿಯಾದ ಬಣ್ಣದ ಪದರ. ನೀವು ಮಾತಾಡ್ತೀರಿ, ನಗ್ತೀರಿ, ಊಟ ಮಾಡ್ತೀರಿ. ಚರ್ಮ ಮಡಚಿದಾಗ ಆ ಪದರ ಅಲ್ಲೇ ಒಡೆಯುತ್ತದೆ. ತಪ್ಪು ನಿಮ್ಮ ಮುಖದ್ದಲ್ಲ ಅಕ್ಕ, ಆರಿಸಿದ ಸಾಮಾನಿನದು.

ಆದ್ದರಿಂದ ಬಾಟಲಿ ಮೇಲೆ ಮ್ಯಾಟ್, ಪೋರ್‌ಲೆಸ್, ಆಯಿಲ್ ಕಂಟ್ರೋಲ್, ಫುಲ್ ಕವರೇಜ್ ಅಂತ ಇದ್ದರೆ ಅಲ್ಲೇ ಇಟ್ಟುಬಿಡಿ. ನೊರೆಯಂತಿರುವ ಮೂಸ್ ಮತ್ತು ಕಡ್ಡಿಯಂತಿರುವ ಸ್ಟಿಕ್ ಕೂಡ ಬೇಡ. ಡ್ಯೂಯಿ (ತೇವದ ಹೊಳಪು ಇರುವುದು), ಹೈಡ್ರೇಟಿಂಗ್ (ತೇವ ಕೊಡುವುದು), ಸೆರಮ್, ಸ್ಕಿನ್ ಟಿಂಟ್ (ತೀರಾ ತೆಳು ಬಣ್ಣ) ಅಂತ ಇದ್ದರೆ ಹಿಂದೆ ತಿರುಗಿಸಿ ನೋಡಿ. ಪಟ್ಟಿಯ ಮೇಲಿನ ಸಾಲುಗಳಲ್ಲಿ ಗ್ಲಿಸರಿನ್ ಇದ್ದರೆ ಒಳ್ಳೆಯದು, ಯಾಕೆಂದರೆ ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರೆ.

ಹೆಸರು ಬೇಕಲ್ವಾ? ಮೇಬಲಿನ್ ಫಿಟ್ ಮಿ ಕೇಳಿ. ಆದರೆ ಅದರಲ್ಲಿ ಎರಡು ಬಗೆ ಇವೆ. ಅಂಗಡಿಯಲ್ಲಿ ಮೊದಲು ಕೈಗೆ ಬರುವುದು ಮ್ಯಾಟ್ ಪ್ಲಸ್ ಪೋರ್‌ಲೆಸ್. ನಿಮಗೆ ಬೇಕಾಗಿರುವುದು ಡ್ಯೂಯಿ ಪ್ಲಸ್ ಸ್ಮೂತ್. ಹೆಸರು ಪೂರ್ತಿ ಓದಿಯೇ ದುಡ್ಡು ಕೊಡಿ. ಇನ್ನೂ ಹಗುರ ಸಾಕು ಅನ್ನಿಸಿದರೆ ಲ್ಯಾಕ್ಮೆ ನೈನ್ ಟು ಫೈವ್ ಸಿಸಿ ಕ್ರೀಮ್ ನೋಡಿ, ಅದು ತೆಳುವಾಗಿ ಬಣ್ಣ ಕೊಡುವ ಕ್ರೀಮ್. ಸಣ್ಣ ಟ್ಯೂಬ್ ಕೂಡ ಬರುತ್ತದೆ, ಮದುವೆಗೆ ಮುಂಚೆ ಮನೆಯಲ್ಲಿ ಹಚ್ಚಿ ನೋಡೋಕೆ ಅನುಕೂಲ. ಆದರೆ ಶೇಡ್ ಕಡಿಮೆ. ನಿಮ್ಮ ಬಣ್ಣಕ್ಕೆ ಕೂಡದಿದ್ದರೆ ಬಲವಂತ ಮಾಡಿ ತಗೊಳ್ಳಬೇಡಿ.

ನಾನು ಮದುವೆಗಳಲ್ಲಿ ವಧುವಿನ ತಾಯಂದಿರಿಗೆ ಮೇಕಪ್ ಮಾಡುವಾಗ ಜಾಸ್ತಿ ಹೊತ್ತು ಕೊಡುವುದು ಫೌಂಡೇಶನ್‌ಗಲ್ಲ, ಅದರ ಹಿಂದಿನ ತಯಾರಿಗೆ. ಮುಖ ತೊಳೆದು ಒರೆಸಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಹಗಲು ಹೊತ್ತಾದರೆ ಅದರ ಮೇಲೆ ಸನ್‌ಸ್ಕ್ರೀನ್. ಆಮೇಲೆ ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಸೀರೆಗೆ ಪಿನ್ ಹಾಕಿ, ತಲೆ ಬಾಚಿ. ಈ ಹತ್ತು ನಿಮಿಷ ಬಿಡದಿದ್ದರೆ ಫೌಂಡೇಶನ್ ಕೆಳಗಿನ ಕ್ರೀಮ್ ಜೊತೆ ಸೇರಿ ಉಂಡೆ ಉಂಡೆಯಾಗಿ ಬರುತ್ತದೆ.

ಇನ್ನು ಹಚ್ಚುವುದು. ಒಂದು ಬಟಾಣಿ ಕಾಳಿನಷ್ಟು ಕೈ ಹಿಂಭಾಗಕ್ಕೆ ಹಾಕಿಕೊಳ್ಳಿ. ಸ್ಪಾಂಜ್ ನೀರಲ್ಲಿ ಅದ್ದಿ, ಟವಲ್‌ನಲ್ಲಿ ಗಟ್ಟಿಯಾಗಿ ಹಿಂಡಿ. ಮೂಗಿನ ಪಕ್ಕ, ಬಾಯಿ ಸುತ್ತ, ಹಣೆಯ ನಡುವೆ, ಅಂದರೆ ಬಣ್ಣ ಏರುಪೇರಾಗಿರುವ ಕಡೆ ಮಾತ್ರ ಮೊದಲು ತಟ್ಟಿ. ಉಜ್ಜಬೇಡಿ. ಸ್ಪಾಂಜ್‌ನಲ್ಲಿ ಉಳಿದದ್ದನ್ನೇ ಕೆನ್ನೆ ಕಡೆಗೆ ಒಯ್ಯಿರಿ. ಕೆನ್ನೆಯ ಚರ್ಮ ಚೆನ್ನಾಗಿದ್ದರೆ ಅದನ್ನು ಹಾಗೇ ಬಿಟ್ಟರೂ ಆಯ್ತು. ಮುಖ ಸಹಜವಾಗಿ ಕಾಣೋದು ಅಲ್ಲಲ್ಲಿ ನಿಜವಾದ ಚರ್ಮ ಕಂಡಾಗಲೇ.

ಕಣ್ಣಿನ ಕೆಳಗೆ ಮಾತ್ರ ತುಂಬಾ ಜೋಪಾನ. ಅಲ್ಲಿ ಇನ್ನೂ ತೆಳ್ಳಗೆ ಹಚ್ಚಿ, ಎರಡು ನಿಮಿಷ ಬಿಟ್ಟು ಕನ್ನಡಿಯಲ್ಲಿ ನೋಡಿ. ಗೆರೆಯಲ್ಲಿ ಬಣ್ಣ ಸೇರಿರುತ್ತದೆ. ಕಣ್ಣು ಮೇಲಕ್ಕೆ ಮಾಡಿ, ಉಂಗುರದ ಬೆರಳಿನಿಂದ ಮೆತ್ತಗೆ ಒತ್ತಿ ಅದನ್ನು ತೆಗೆಯಿರಿ. ಪೌಡರ್ ಹಾಕಲೇಬೇಕು ಅಂತಿದ್ದರೆ ಇದಾದ ಮೇಲೆ, ಅದೂ ಮೂಗಿನ ಪಕ್ಕ ಮತ್ತು ಹಣೆಗೆ ಅಷ್ಟೇ. ಕಾಂಪ್ಯಾಕ್ಟ್ ಅನ್ನು ಮುಖ ಪೂರ್ತಿ ಒತ್ತುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಎಷ್ಟೇ ಒಳ್ಳೆ ಫೌಂಡೇಶನ್ ಆದರೂ ಅದರಿಂದ ಒಣಗಿ ಹೋಗುತ್ತದೆ.

ಪ್ರಶ್ನೆ (ಮೈಸೂರಿನಿಂದ):
ಮೇಡಂ, ಶೇಡ್ ಬಗ್ಗೆ ಹೇಳಿ. ನಾನು ಕಪ್ಪಗಿದ್ದೀನಿ. ದೇವರಾಜ ಅರಸು ರಸ್ತೆಯ ಒಂದು ಅಂಗಡಿಗೆ ಹೋದರೆ ಆ ಹುಡುಗಿ ಮುಂಗೈಗೆ ಹಚ್ಚಿ, "ಆಂಟಿ, ಒಂದು ಶೇಡ್ ಲೈಟ್ ತಗೊಳ್ಳಿ, ಬ್ರೈಟ್ ಕಾಣ್ತೀರ" ಅಂದಳು. ಮನೆಗೆ ಬಂದು ಹಚ್ಚಿದರೆ ಮುಖ ಒಂಥರಾ ಬೂದು ಬಣ್ಣ.

ಉತ್ತರ:
ಈ "ಒಂದು ಶೇಡ್ ಲೈಟ್" ಅನ್ನೋ ಮಾತು ಕೇಳಿದರೆ ನನಗೆ ನಿಜವಾಗಲೂ ಕೋಪ ಬರುತ್ತದೆ ಅಕ್ಕ. ನಿಮ್ಮ ಬಣ್ಣದ ಮೇಲೆ ತಿಳಿ ಬಣ್ಣ ಹಚ್ಚಿದರೆ ಮುಖ ಬೆಳ್ಳಗಾಗಲ್ಲ, ಬೂದಿ ಬಳಿದ ಹಾಗಾಗುತ್ತದೆ. ತಿಳಿ ಶೇಡ್‌ಗಳಲ್ಲಿ ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್ ಜಾಸ್ತಿ ಇರುತ್ತದೆ. ಅದು ಕಂದು ಚರ್ಮದ ಮೇಲೆ ಕೂತಾಗ ಬೂದು ಛಾಯೆ ಬರುತ್ತದೆ. ಗೆರೆಯೊಳಗೆ ಸೇರಿದಾಗ ಆ ಗೆರೆ ಇನ್ನೂ ಎದ್ದು ಕಾಣುತ್ತದೆ. ಕ್ಯಾಮೆರಾ ಫ್ಲಾಶ್ ಬಿದ್ದರಂತೂ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ. ನಿಮ್ಮ ಬಣ್ಣಕ್ಕೆ ಸರಿಯಾಗಿ ಕೂಡುವ ಶೇಡ್ ಹಚ್ಚಿ, ಕೆನ್ನೆಗೆ ಸ್ವಲ್ಪ ಕ್ರೀಮ್ ಬ್ಲಶ್ ಹಾಕಿ ನೋಡಿ. ಆ ಕಳೆಯೇ ಬೇರೆ.

ಮುಂಗೈ ಮೇಲೆ ಯಾವತ್ತೂ ನೋಡಬೇಡಿ, ಅದರ ಬಣ್ಣ ಮುಖದ್ದಲ್ಲ. ಏನೂ ಹಚ್ಚದ ಮುಖದಲ್ಲಿ ಅಂಗಡಿಗೆ ಹೋಗಿ. ಹತ್ತಿರ ಹತ್ತಿರದ ಮೂರು ಶೇಡ್‌ಗಳನ್ನು ದವಡೆ ಮೇಲಿಂದ ಕುತ್ತಿಗೆವರೆಗೆ ಸಣ್ಣ ಗೀಟಾಗಿ ಎಳೆಸಿಕೊಳ್ಳಿ. ಆಮೇಲೆ ಅಂಗಡಿಯಿಂದ ಹೊರಗೆ ಬನ್ನಿ. ಒಳಗಿನ ಲೈಟ್‌ನಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತದೆ. ಅರ್ಧ ಗಂಟೆ ಬೇರೆ ಕೆಲಸ ಮುಗಿಸಿಕೊಂಡು, ಬಿಸಿಲಿನ ಬೆಳಕಲ್ಲಿ ನೋಡಿ. ಕೆಲವು ಫೌಂಡೇಶನ್ ಗಾಳಿಗೆ, ಮುಖದ ಜಿಡ್ಡಿಗೆ ಸ್ವಲ್ಪ ಗಾಢ ಆಗುತ್ತವೆ. ಅಷ್ಟು ಹೊತ್ತಾದ ಮೇಲೂ ಯಾವ ಗೀಟು ಕಾಣದ ಹಾಗೆ ಬೆರೆತಿರುತ್ತೋ ಅದು ನಿಮ್ಮದು. ಆವತ್ತೇ ಕೊಳ್ಳಬೇಕು ಅಂತೇನಿಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಬಹಳ ಜನಕ್ಕೆ ಹಣೆ ಮತ್ತು ಬಾಯಿ ಸುತ್ತ ಗಾಢವಾಗಿ, ಕೆನ್ನೆ ತಿಳಿಯಾಗಿ ಇರುತ್ತದೆ. ಹಾಗಿದ್ದರೆ ಕುತ್ತಿಗೆಗೆ ಹೊಂದುವುದನ್ನೇ ಆರಿಸಿ.

ಪ್ರಶ್ನೆ (ಮಂಗಳೂರಿನಿಂದ):
ನಮ್ಮ ಕಡೆಯ ಸೆಕೆಗೆ ಡ್ಯೂಯಿ ಹಚ್ಚಿದರೆ ಒಂದೇ ಗಂಟೆಯಲ್ಲಿ ಇಳಿದುಹೋಗಲ್ವಾ ಮೇಡಂ?

ಉತ್ತರ:
ದಪ್ಪ ಹಚ್ಚಿದರೆ ಇಳಿಯುತ್ತದೆ, ತೆಳ್ಳಗೆ ಹಚ್ಚಿದರೆ ಅಷ್ಟಾಗಿ ಇಲ್ಲ. ಕರಾವಳಿಯಲ್ಲಿ ಮಾಯಿಶ್ಚರೈಸರ್ ಮಾತ್ರ ಜೆಲ್ ಥರದ್ದು ತಗೊಳ್ಳಿ. ಬೆವರು ಬಂದಾಗ ಕರ್ಚೀಫಿನಿಂದ ಒರೆಸಬೇಡಿ, ಟಿಶ್ಯೂ ಇಟ್ಟು ಒತ್ತಿ ತೆಗೆಯಿರಿ. ಬೆವರಿನ ಮೇಲೆ ಪೌಡರ್ ಹಾಕಿದರೆ ಕೆಸರಾಗುತ್ತದೆ.

ಪ್ರಶ್ನೆ (ಬೆಂಗಳೂರಿನಿಂದ):
ಅಕ್ಕಾ, ಅಮ್ಮನ ಪರವಾಗಿ ಕೇಳ್ತಾ ಇದ್ದೀನಿ. ಅವರಿಗೆ 58. ಎರಡೂ ಕೆನ್ನೆ ಮೇಲೆ ಬಂಗು ಇದೆ. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಕ್ರೀಮ್ ಹಚ್ಚುತ್ತಿದ್ದರು. ಮೊದಲು ಕಡಿಮೆಯಾಯ್ತು, ಈಗ ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತೆ. ಬಂಗು ಮುಚ್ಚೋಕೆ ದಪ್ಪ ಫೌಂಡೇಶನ್ ಬೇಕೇ ಬೇಕು ಅಂತಾರೆ.

ಉತ್ತರ:
ತಂಗಿ, ಫೌಂಡೇಶನ್ ವಿಷಯ ಆಮೇಲೆ. ಮೊದಲು ಆ ಕ್ರೀಮ್ ಟ್ಯೂಬನ್ನೇ ಕೈಯಲ್ಲಿ ಹಿಡಿದು ಅಮ್ಮನನ್ನು ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ಬಂಗಿಗೆ ಅಂತ ಮಾರುವ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊಮೆಟಾಸೋನ್, ಬೀಟಾಮೆಥಾಸೋನ್ ಅಂತ ಬರೆದಿದೆಯಾ ನೋಡು. ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಹಚ್ಚಬೇಕಾದದ್ದನ್ನು ಸುಮ್ನೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣಿಸುತ್ತದೆ, ಬಿಟ್ಟ ಕೂಡಲೇ ಉರಿ ಶುರುವಾಗುತ್ತದೆ. ನೀನು ಹೇಳ್ತಿರೋದು ಅದೇ ಥರ ಇದೆ. ಹೇಗೆ ಬಿಡಿಸಬೇಕು ಅಂತ ಡಾಕ್ಟರೇ ಹೇಳಬೇಕು, ನಾನಾಗಲಿ ಪಾರ್ಲರ್‌ನವರಾಗಲಿ ಅಲ್ಲ. ಉರಿ ಇಳಿಯುವವರೆಗೆ ಮೇಕಪ್ ಬೇಡ, ಡಾಕ್ಟರನ್ನು ಕೇಳಿಯೇ ಶುರು ಮಾಡಲಿ.

ಆಮೇಲೆ ಹಚ್ಚುವುದಕ್ಕೆ ಒಂದು ಒಳ್ಳೆ ಸುದ್ದಿ ಇದೆ. ಬಂಗನ್ನು ಬಿಸಿಲಿನ ಯುವಿ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೆಚ್ಚಿಸುತ್ತದೆ. ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯಲ್ಲ. ಫೌಂಡೇಶನ್‌ಗೆ ಕಂದು ಬಣ್ಣ ಕೊಡುವ ಐರನ್ ಆಕ್ಸೈಡ್ ತಡೆಯುತ್ತದೆ. ಪಟ್ಟಿಯ ಕೊನೆಯಲ್ಲಿ ಸಿಐ 77491, 77492, 77499 ಅಂತ ಸಂಖ್ಯೆಗಳಿರುತ್ತವೆ, ಅವೇ ಇವು. ಹಾಗಾಗಿ ಬಣ್ಣ ಇರುವ ಸನ್‌ಸ್ಕ್ರೀನ್ ಅಮ್ಮನಿಗೆ ದಿನಾ ಹಚ್ಚೋಕೆ ಒಳ್ಳೆಯದು. ಫೌಂಡೇಶನ್ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನೋ ಅಳತೆ) ಬರೆದಿದೆ ಅಂತ ಸನ್‌ಸ್ಕ್ರೀನ್ ಬಿಡಬಾರದು. ಬಾಟಲಿಯ ಮೇಲಿರುವಷ್ಟು ರಕ್ಷಣೆ ಸಿಗಬೇಕಾದರೆ ತುಂಬಾ ದಪ್ಪ ಹಚ್ಚಬೇಕು, ಅಷ್ಟು ಫೌಂಡೇಶನ್ ಯಾರೂ ಹಚ್ಚಲ್ಲ.

ಬಂಗು ಮುಚ್ಚೋಕೆ ದಪ್ಪ ಪದರ ಬೇಡ. ಕಿತ್ತಳೆ ಅಥವಾ ಪೀಚ್ ಬಣ್ಣದ ಕರೆಕ್ಟರ್ (ಕಲೆಯ ಬಣ್ಣ ಮರೆಮಾಡುವ ಕ್ರೀಮ್) ಅನ್ನು ಬಂಗಿನ ಕಲೆಯ ಮೇಲೆ ಮಾತ್ರ, ಬೆರಳ ತುದಿಯಿಂದ ತೆಳ್ಳಗೆ ತಟ್ಟಿ. ಅದರ ಮೇಲೆ ಹಗುರ ಫೌಂಡೇಶನ್. ಪೂರ್ತಿ ಮುಚ್ಚದಿದ್ದರೂ ಪರವಾಗಿಲ್ಲ. ಎದುರಿಗೆ ನಿಂತು ಮಾತಾಡುವವರಿಗೆ ಆ ಉಳಿದ ನೆರಳು ಕಾಣಲ್ಲ, ದಪ್ಪ ಪದರ ಮಾತ್ರ ಕಂಡೇ ಕಾಣುತ್ತದೆ.

ದಾವಣಗೆರೆಯ ಅಕ್ಕ ಮತ್ತೆ ಕೇಳುತ್ತಾರೆ:
ತುಂಬಾ ಉಪಕಾರ ಆಯ್ತು ಮೇಡಂ. ಮದುವೆಗೆ ಮುಂಚೆ ಫೇಶಿಯಲ್, ಬ್ಲೀಚ್ ಮಾಡಿಸಲಾ? ಅರಿಶಿನ ಶಾಸ್ತ್ರವೂ ಇದೆ.

ಉತ್ತರ:
ಬ್ಲೀಚ್ ಬೇಡವೇ ಬೇಡ ಅಕ್ಕ, ಒಣ ಚರ್ಮಕ್ಕೆ ಉರಿ ಹತ್ತುತ್ತದೆ. ಫೇಶಿಯಲ್ ಬೇಕಿದ್ದರೆ ವಾರ ಮುಂಚೆಯೇ ಮುಗಿಸಿ. ಥ್ರೆಡಿಂಗ್ ಎರಡು ಮೂರು ದಿನ ಮುಂಚೆ. ಈ ವಯಸ್ಸಲ್ಲಿ ಗದ್ದದ ಮೇಲೆ, ಮೇಲ್ದುಟಿಯ ಮೇಲೆ ಸಣ್ಣ ಕೂದಲು ಬರುತ್ತವೆ. ಫೌಂಡೇಶನ್ ಅದಕ್ಕೆ ಅಂಟಿಕೊಂಡು ಹಗಲು ಬೆಳಕಿನಲ್ಲಿ ಕಾಣುತ್ತದೆ, ಅದನ್ನೂ ತೆಗೆಸಿಬಿಡಿ.

ಅರಿಶಿನದ ಹಳದಿ ಒಂದೆರಡು ದಿನ ಚರ್ಮದಲ್ಲಿ ಉಳಿಯುತ್ತದೆ. ಅದಾದ ಮೇಲೆ ಶೇಡ್ ಆರಿಸೋಕೆ ಹೋಗಬೇಡಿ, ತಪ್ಪುತ್ತದೆ. ಶಾಸ್ತ್ರಕ್ಕೆ ಮುಂಚೆ ಮುಖಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಂಡರೆ ಹಳದಿ ಅಷ್ಟು ಹಿಡಿಯಲ್ಲ.

ಪ್ರಶ್ನೆ (ಹುಬ್ಬಳ್ಳಿಯಿಂದ):
ಕುತ್ತಿಗೆಗೂ ಹಚ್ಚಬೇಕಾ ಅಕ್ಕಾರೆ? ರೇಷ್ಮೆ ಕುಪ್ಪಸದ ಅಂಚಿಗೆಲ್ಲಾ ಹತ್ತುತ್ತೆ. ಹಣೆ ಮೇಲೆ ಸ್ಟಿಕರ್ ಬೊಟ್ಟೂ ನಿಲ್ಲಲ್ಲ.

ಉತ್ತರ:
ಶೇಡ್ ಸರಿ ಇದ್ದರೆ ಕುತ್ತಿಗೆಗೆ ಹಚ್ಚುವ ಅಗತ್ಯವೇ ಇಲ್ಲ. ದವಡೆಯ ಕೆಳಗೆ ಸ್ಪಾಂಜ್‌ನಲ್ಲಿ ಉಳಿದಿದ್ದನ್ನು ಸವರಿ ಬಿಟ್ಟುಬಿಡಿ. ಕುತ್ತಿಗೆಗೆ ಹಚ್ಚಲೇಬೇಕಾಗಿ ಬಂತು ಅಂದರೆ ಶೇಡ್ ತಪ್ಪಿದೆ ಅಂತ ಅರ್ಥ. ಬೊಟ್ಟು ಇಡುವ ಜಾಗವನ್ನು ಒದ್ದೆ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಇಡಿ. ಆ ಜಾಗದಲ್ಲಿ ತುರಿಕೆ ಬಂದರೆ ಅಥವಾ ಬಿಳಿ ಕಲೆ ಶುರುವಾದರೆ ಸ್ಟಿಕರ್ ಕೂಡಲೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಕೆಲವು ಅಂಟಿನಿಂದ ಚರ್ಮದ ಬಣ್ಣವೇ ಹೋಗುತ್ತದೆ.

ಪ್ರಶ್ನೆ (ಶಿವಮೊಗ್ಗದಿಂದ):
ಮಗಳು ಮೂರು ವರ್ಷದ ಹಿಂದೆ ತಂದಿಟ್ಟ ದುಬಾರಿ ಫೌಂಡೇಶನ್ ಅರ್ಧ ಬಾಟಲಿ ಇದೆ. ಬಿಸಾಡೋಕೆ ಮನಸ್ಸು ಬರಲ್ಲ. ಹಚ್ಚಬಹುದಾ?

ಉತ್ತರ:
ಬೇಡ ಅಮ್ಮ. ಬಾಟಲಿ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಸಣ್ಣ ಚಿತ್ರ ಇರುತ್ತದೆ. ಅದರಲ್ಲಿ 12 ಎಂ ಅಂತಿದ್ದರೆ ತೆರೆದ ಮೇಲೆ 12 ತಿಂಗಳು ಅಂತ. ನೀರು ಬೇರೆ ಬಣ್ಣ ಬೇರೆ ಆಗಿದ್ದರೆ, ವಾಸನೆ ಬದಲಾಗಿದ್ದರೆ ಅಷ್ಟು ದಿನವೂ ಕಾಯಬೇಕಿಲ್ಲ. ಹೊಸದು ಕೊಳ್ಳುವಾಗ ತಯಾರಾದ ತಿಂಗಳು, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ನಂಬರ್, ಎಂಆರ್‌ಪಿ ಎಲ್ಲಾ ಇದೆಯಾ ನೋಡಿ. ದೊಡ್ಡ ಬ್ರಾಂಡ್ ಹೆಸರಿದ್ದು ಅರ್ಧ ಬೆಲೆಗೆ ಕೊಡ್ತೀನಿ ಅಂದರೆ, ಈ ವಿವರ ಅಳಿಸಿಹೋಗಿದ್ದರೆ, ಮುಟ್ಟಬೇಡಿ. ಹೊಸ ಬಾಟಲಿ ತಂದ ದಿನ ಮುಚ್ಚಳದ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಎರಡು ದಿನ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ, ತುರಿಕೆ ಬರದಿದ್ದರೆ ಮುಖಕ್ಕೆ ಹಚ್ಚಿ.