ಫ್ರೆಂಚರ ನಿತ್ಯಜೀವನವನ್ನು ಬರೆಯಹೊರಟವರಿಗೆ: ಅಲ್ಲಿ ಬಾಳಿದವರ ಅನುಭವಗಳು

ಪ್ರಶ್ನೆ: ಸೆಪ್ಟೆಂಬರಿನಿಂದ ಒಂದು ವರ್ಷ ಫ್ರಾನ್ಸಿನ ಲಿಯಾನ್ ನಗರದಲ್ಲಿ ಇರಲಿದ್ದೇನೆ. ಫ್ರೆಂಚರ ದಿನನಿತ್ಯದ ಬದುಕನ್ನು ಕುರಿತು ಕನ್ನಡದಲ್ಲಿ ಲೇಖನಮಾಲೆ ಬರೆಯುವ ಆಸೆಯಿದೆ. ಎ2 ಎಂಬ ಆರಂಭಿಕ ಹಂತದವರೆಗೆ ಭಾಷೆ ಕಲಿತಿದ್ದರೂ ಅಲ್ಲಿನವರು ಮಾತನಾಡಿದರೆ ಅರ್ಧವೂ ತಿಳಿಯುವುದಿಲ್ಲ. ಎಲ್ಲಿಂದ ಆರಂಭಿಸಲಿ?

ಲಿಯಾನ್‌ನಲ್ಲಿ ಆರು ವರ್ಷ ಇದ್ದವರು:
ಸಂತೆಯಿಂದ ಆರಂಭಿಸಿ. ಕ್ರ್ವಾ-ರೂಸ್ ಗುಡ್ಡದ ಮೇಲೆ ಸೋಮವಾರವೊಂದನ್ನು ಬಿಟ್ಟು ಪ್ರತಿದಿನ ಬೆಳಿಗ್ಗೆ ಸಂತೆ ನೆರೆಯುತ್ತದೆ. ಅದು ಹಿಂದೆ ರೇಷ್ಮೆ ನೇಕಾರರ ಕೇರಿ. ಎತ್ತರದ ಮಗ್ಗಗಳನ್ನು ನಿಲ್ಲಿಸಲೆಂದೇ ಅಲ್ಲಿನ ಮನೆಗಳ ಛಾವಣಿಯನ್ನು ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ ಕಟ್ಟಿದ್ದರು, ಕೂಲಿಯ ದರಕ್ಕಾಗಿ ಆ ನೇಕಾರರು 1831ರಲ್ಲಿ ಬಂಡೆದ್ದಿದ್ದರು. ವಾರಕ್ಕೆ ಎರಡು ಸಲ ಒಂದೇ ಅಂಗಡಿಯವರ ಬಳಿ ತರಕಾರಿ, ಚೀಸ್ ಕೊಂಡರೆ ಮೂರನೆಯ ವಾರದಲ್ಲಿ ಅವರಾಗಿಯೇ ಮಾತಿಗೆಳೆಯುತ್ತಾರೆ.

ಆದರೆ ಎಲ್ಲಕ್ಕೂ ಮೊದಲು ‘ಬೋಂಜೂರ್’, ಅಂದರೆ ನಮಸ್ಕಾರ, ಹೇಳಲೇಬೇಕು. ಮೊದಲ ವಾರ ನಾನು ಬೇಕರಿಯೊಳಗೆ ಕಾಲಿಟ್ಟವಳೇ ನೇರವಾಗಿ ಬಾಗೆಟ್ ಎಂಬ ಉದ್ದನೆಯ ಬ್ರೆಡ್ ಕೇಳಿದೆ. ಅಂಗಡಿಯಾಕೆ ಉತ್ತರಿಸದೆ ‘ಬೋಂಜೂರ್’ ಎಂದು ಕಾದು ನಿಂತರು, ನಾನೂ ಅದನ್ನು ಹೇಳಿದ ನಂತರವೇ ಬ್ರೆಡ್ಡಿನತ್ತ ಕೈ ಚಾಚಿದರು. ಆಗ ಅವಮಾನವೆನಿಸಿತ್ತು. ಎದುರಿಗಿರುವವರು ಮಾರುವ ಯಂತ್ರವಲ್ಲ, ಮನುಷ್ಯರು ಎಂಬುದನ್ನು ಒಪ್ಪಿಕೊಂಡ ಮೇಲಷ್ಟೇ ಅಲ್ಲಿ ವ್ಯವಹಾರ ಶುರುವಾಗುತ್ತದೆ ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಬ್ರೆಡ್ ಕೊಳ್ಳುವಾಗ ‘ಟ್ರಾದಿಸಿಯೋಂ’ ಎಂದೇ ಕೇಳಿ: 1993ರ ಸರ್ಕಾರಿ ಆದೇಶದ ಪ್ರಕಾರ ಆ ಹೆಸರಿನ ಬ್ರೆಡ್ಡಿನ ಹಿಟ್ಟನ್ನು ಹೆಪ್ಪುಗಟ್ಟಿಸಿಡುವಂತಿಲ್ಲ, ಅದಕ್ಕೆ ಕೃತಕ ಸಂಯೋಜಕಗಳನ್ನು ಸೇರಿಸುವಂತಿಲ್ಲ.

ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುವವರು:
ಮಾತು ತಿಳಿಯದಿರುವುದಕ್ಕೆ ನಿಮ್ಮ ಕಲಿಕೆಯ ಕೊರತೆ ಕಾರಣವಲ್ಲ. ಪಠ್ಯದಲ್ಲಿ ‘ಜ ನ ಸೇ ಪಾ’ ಎಂದಿರುವುದು, ಅಂದರೆ ‘ನನಗೆ ಗೊತ್ತಿಲ್ಲ’ ಎಂಬುದು, ಬೀದಿಯಲ್ಲಿ ‘ಶೆಪಾ’ ಆಗುತ್ತದೆ. ಕನ್ನಡಿಗರಿಗೆ ಒಂದು ಅನುಕೂಲವೂ ಇದೆ: ಫ್ರೆಂಚಿನ ತ, ದ, ಪ, ಕ ಧ್ವನಿಗಳು ನಮ್ಮ ಅಲ್ಪಪ್ರಾಣಗಳಂತೆಯೇ ಇವೆ. ಕಷ್ಟ ಕೊಡುವುದು ಒಂದು ಸ್ವರ. ನಾಲಿಗೆಯನ್ನು ‘ಈ’ಗೆ ಇಟ್ಟು ತುಟಿಗಳನ್ನು ‘ಊ’ ಎನ್ನುವಂತೆ ದುಂಡಗೆ ಮಾಡಿ. ‘ಮೇಲೆ’ ಮತ್ತು ‘ಕೆಳಗೆ’ ಎಂಬ ಅರ್ಥದ ಎರಡು ಪದಗಳ ನಡುವೆ ಅವರಲ್ಲಿರುವುದು ಆ ಒಂದು ಸ್ವರದ ವ್ಯತ್ಯಾಸ ಮಾತ್ರ.

ಗ್ರೆನೋಬ್ಲ್‌ನಲ್ಲಿ ಓದಿದವರು:
ಇಂಗ್ಲಿಷಿನ ಮೂಲಕ ಯೋಚಿಸದೆ ಫ್ರೆಂಚಿನಿಂದ ನೇರವಾಗಿ ಕನ್ನಡಕ್ಕೆ ಬರೆಯಿರಿ. ‘ತ್ಯು’, ‘ವೂ’ ಎಂಬ ಭೇದ ನಮ್ಮ ನೀನು, ನೀವುಗಳಲ್ಲಿ ಹಾಗೆಯೇ ಉಳಿಯುತ್ತದೆ. ಆದರೂ ಬಳಕೆ ಬೇರೆ. ನಮ್ಮಲ್ಲಿ ಹಿರಿಯರು ‘ನೀನು’ ಎಂದರೆ ಕಿರಿಯರು ‘ನೀವು’ ಎನ್ನುತ್ತಾರೆ. ಅಲ್ಲಿ ವಯಸ್ಕರು ಸಾಮಾನ್ಯವಾಗಿ ಪರಸ್ಪರ ಒಂದೇ ರೂಪವನ್ನು ಬಳಸುತ್ತಾರೆ. ಎಪ್ಪತ್ತು ದಾಟಿದ ನನ್ನ ಮನೆಯೊಡತಿ ಎರಡನೆಯ ವರ್ಷ ಒಂದು ರಾತ್ರಿ ಊಟಕ್ಕೆ ಕುಳಿತಾಗ, ಇನ್ನು ‘ತ್ಯು’ ಎಂದೇ ಮಾತನಾಡೋಣ ಎಂದರು. ಅಜ್ಜಿಯ ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ತಿಂಗಳಾದರೂ ನಾಲಿಗೆ ಏಳಲಿಲ್ಲ, ನಾನು ‘ವೂ’ ಎಂದಾಗಲೆಲ್ಲ ಅವರ ಮುಖ ಸಣ್ಣದಾಗುತ್ತಿತ್ತು. ನೀವು ಬರೆಯಬೇಕಾದದ್ದು ಇಂಥದ್ದನ್ನು.