502 ಬಿಗ್ ಬ್ಲಾಕ್ ಬೋಟ್ ಎಂಜಿನ್‌ಗೆ ಸೂಪರ್‌ಚಾರ್ಜರ್: ಎಷ್ಟು ಬೂಸ್ಟ್, ಮೊದಲು ಏನು?

ಪ್ರಶ್ನೆ: ಮರ್ಕ್ರೂಸರ್ 502 ಮ್ಯಾಗ್ನಮ್ ಎಂಪಿಐ ಎಂಜಿನ್, 8.2 ಲೀಟರ್, 415 ಎಚ್‌ಪಿ. ಬ್ರಾವೋ ಒನ್ ಡ್ರೈವ್ (ಎಂಜಿನ್ ಶಕ್ತಿಯನ್ನು ಪ್ರೊಪೆಲ್ಲರ್‌ಗೆ ಒಯ್ಯುವ ಗೇರ್ ಘಟಕ). ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ. ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಬ್ಲೋವರ್) ಕೂರಿಸಿ 525 ಎಚ್‌ಪಿ ಹತ್ತಿರಕ್ಕೆ ತರಬೇಕು. ರೂಟ್ಸ್, ಸ್ಕ್ರೂ, ಸೆಂಟ್ರಿಫ್ಯೂಗಲ್ ಇವುಗಳಲ್ಲಿ ಯಾವುದು ಸರಿ? ಒತ್ತಿದ ಗಾಳಿ ತಣಿಸುವ ಇಂಟರ್‌ಕೂಲರ್ ಇಲ್ಲದೆ 8 ಪಿಎಸ್‌ಐ ಬೂಸ್ಟ್ (ವಾತಾವರಣಕ್ಕಿಂತ ಹೆಚ್ಚಿನ ಒತ್ತಡ) ಕೊಡಬಹುದೇ? ಕಾರುಗಳಲ್ಲಿ ಹಾಗೆ ಓಡಿಸುತ್ತಾರಲ್ಲ.

ಉತ್ತರ (ಮೆರೈನ್ ಎಂಜಿನ್ ಮೆಕ್ಯಾನಿಕ್): 8 ಪಿಎಸ್‌ಐ ಬೇಡ, ಇಂಟರ್‌ಕೂಲರ್ ಇಲ್ಲದೆ ಅಂತೂ ಬೇಡವೇ ಬೇಡ. ಕಾರಿನಲ್ಲಿ ಪೂರ್ತಿ ಥ್ರಾಟಲ್ ಕೆಲವೇ ಸೆಕೆಂಡು ಇರುತ್ತದೆ, ಆಮೇಲೆ ಎಂಜಿನ್ ಉಸಿರು ಬಿಡುತ್ತದೆ. ಬೋಟ್ ಎಂಜಿನ್ ಎಂದರೆ ಭಾರ ಹೊತ್ತು ಘಾಟಿ ಹತ್ತುತ್ತಲೇ ಇರುವ ಲಾರಿ, ಇಳಿಜಾರು ಬರುವುದೇ ಇಲ್ಲ. 4,000 ಆರ್‌ಪಿಎಂನಲ್ಲಿ ಅರ್ಧ ಗಂಟೆ ಓಡಿದರೆ ಪಿಸ್ಟನ್ ತಲೆ, ಎಕ್ಸಾಸ್ಟ್ ವಾಲ್ವ್‌ಗಳಲ್ಲಿ ಸೇರಿದ ಶಾಖ ಇಳಿಯಲು ಅವಕಾಶವೇ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಹೊರಗಿನ ಗಾಳಿ 32 ಡಿಗ್ರಿ ಸೆಲ್ಸಿಯಸ್ ಇರಲಿ. ಶೇ. 55 ದಕ್ಷತೆಯ ರೂಟ್ಸ್ ಬ್ಲೋವರ್ 8 ಪಿಎಸ್‌ಐಗೆ ಒತ್ತಿದಾಗ ಗಾಳಿಯ ಬಿಸಿ ಸುಮಾರು 72 ಡಿಗ್ರಿಯಷ್ಟು ಏರುತ್ತದೆ, ಅಂದರೆ ಸಿಲಿಂಡರ್ ಕಡೆಗೆ ಹೋಗುವಾಗ 100 ದಾಟಿರುತ್ತದೆ. ಅದೇ ಬ್ಲೋವರ್ 5 ಪಿಎಸ್‌ಐಗೆ ಏರಿಕೆ 48 ಡಿಗ್ರಿ, ಗಾಳಿ 80 ಡಿಗ್ರಿ. ಕೆರೆ ಅಥವಾ ಕಡಲ ನೀರು ಹರಿಯುವ ಒಳ್ಳೆಯ ಇಂಟರ್‌ಕೂಲರ್ ಇದ್ದರೆ ಅದನ್ನು 45ರ ಆಸುಪಾಸಿಗೆ ಇಳಿಸಬಹುದು. ಬಿಸಿ ಗಾಳಿಯಲ್ಲಿ ಪೆಟ್ರೋಲ್ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನೇ ಸ್ಫೋಟಿಸುತ್ತದೆ, ಇದೇ ನಾಕ್. ಬೋಟಿನ ಗದ್ದಲದಲ್ಲಿ ಆ ನಾಕ್ ಕಿವಿಗೆ ಬೀಳುವುದಿಲ್ಲ, ಗೊತ್ತಾಗುವುದು ಪಿಸ್ಟನ್‌ನ ರಿಂಗ್ ಲ್ಯಾಂಡ್ (ರಿಂಗ್‌ಗಳ ನಡುವಿನ ಅಂಚು) ಒಡೆದ ಮೇಲೆಯೇ.

ನಿಮ್ಮ ಗುರಿಗೆ 5 ಪಿಎಸ್‌ಐ ಸಾಕು. ವಾತಾವರಣದ ಒತ್ತಡ 14.7 ಪಿಎಸ್‌ಐ, ಅದಕ್ಕೆ 5 ಸೇರಿದರೆ ಅನುಪಾತ 1.34. 415ಕ್ಕೆ ಗುಣಿಸಿದರೆ 556. ಬ್ಲೋವರ್ ತಿರುಗಿಸಲು ತಗಲುವ ಶಕ್ತಿ, ಉಳಿದ ಬಿಸಿ ಎರಡನ್ನೂ ಕಳೆದರೆ 510–530.

ಈಗ ಯಾವುದು ಎಂಬ ಪ್ರಶ್ನೆ. ಸೆಂಟ್ರಿಫ್ಯೂಗಲ್‌ನಲ್ಲಿ ಬೂಸ್ಟ್ ಹೆಚ್ಚುಕಡಿಮೆ ಆರ್‌ಪಿಎಂನ ವರ್ಗದಂತೆ ಏರುತ್ತದೆ: 5,000ದಲ್ಲಿ 5 ಪಿಎಸ್‌ಐ ಇದ್ದರೆ 3,500ರಲ್ಲಿ ಸುಮಾರು 2.5. ಕ್ರೂಸ್ ವೇಗದಲ್ಲಿ ಎಂಜಿನ್‌ಗೆ ಹೊರೆ ಕಡಿಮೆ, ಆದರೆ ಬೋಟ್ ಪ್ಲೇನ್‌ಗೆ ಏಳುವಾಗ (ವೇಗದಲ್ಲಿ ನೀರಿನ ಮೇಲ್ಮೈಗೆ ಎದ್ದು ಜಾರತೊಡಗುವಾಗ) ಸಹಾಯವೂ ಕಡಿಮೆ. ರೂಟ್ಸ್ ಮತ್ತು ಸ್ಕ್ರೂ ಎರಡೂ 3,000ದಲ್ಲೇ ಥ್ರಾಟಲ್ ತೆರೆದ ಕೂಡಲೇ ಪೂರ್ತಿ ಬೂಸ್ಟ್ ಕೊಡುತ್ತವೆ. ಭಾರದ ಬೋಟ್‌ಗೆ ಅದು ಬಹಳ ಅನುಕೂಲ. ಆದರೆ ಡ್ರೈವ್‌ನ ಗೇರ್‌ಗಳ ಮೇಲೆ ಅತಿ ಹೆಚ್ಚು ಟಾರ್ಕ್ ಬೀಳುವುದೂ ಆಗಲೇ. ಬಿಚ್ಚದ ಎಂಜಿನ್, ಸಾಮಾನ್ಯ ಬ್ರಾವೋ ಒನ್ ಇದ್ದರೆ ನನ್ನ ಆಯ್ಕೆ ಸೆಂಟ್ರಿಫ್ಯೂಗಲ್. ಇನ್‌ಟೇಕ್ ಮ್ಯಾನಿಫೋಲ್ಡ್ ಮುಟ್ಟಬೇಕಿಲ್ಲ, ಎಂಜಿನ್ ಎತ್ತರವೂ ಹೆಚ್ಚುವುದಿಲ್ಲ. ರೂಟ್ಸ್ ತರುವವರು ಮೊದಲು ಹ್ಯಾಚ್ ಮುಚ್ಚಳದ ಎತ್ತರ ಅಳೆಯಲಿ.

ಕೊಳ್ಳುವ ಮುನ್ನ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು) ಮಾಡಿ ಕಾರಣ ಹುಡುಕಿ.

ಪ್ರಶ್ನೆ: 5 ಪಿಎಸ್‌ಐಗೇ ಏಕೆ ನಿಲ್ಲಬೇಕು? ಇಂಟರ್‌ಕೂಲರ್ ಇದ್ದರೆ 7 ಆಗದೇ?

ಉತ್ತರ (ಮೆಕ್ಯಾನಿಕ್): ಪಿಸ್ಟನ್‌ನ ಮೇಲಿನ ರಿಂಗ್‌ನ ಗ್ಯಾಪ್ (ಎರಡು ತುದಿಗಳ ನಡುವಿನ ಸಂದು) ಕಾರಣ. ಸೂಪರ್‌ಚಾರ್ಜ್ ಆದ ಎಂಜಿನ್‌ಗೆ ಬೋರ್‌ನ ಪ್ರತಿ ಇಂಚಿಗೆ 0.006 ಇಂಚು ಬೇಕು. 502ರ ಬೋರ್ 4.466 ಇಂಚು, ಹಾಗಾಗಿ ಸುಮಾರು 0.027 ಇಂಚು, 0.68 ಮಿ.ಮೀ. ಸಾಮಾನ್ಯ ಎಂಜಿನ್‌ನಲ್ಲಿ ಅಷ್ಟು ಬಿಟ್ಟಿರುವುದಿಲ್ಲ. ಶಾಖಕ್ಕೆ ಹಿಗ್ಗಿದ ರಿಂಗ್‌ನ ಎರಡು ತುದಿ ಒಂದಕ್ಕೊಂದು ತಾಗಿದರೆ ಅದು ಸಿಲಿಂಡರ್ ಗೋಡೆಗೆ ಕಚ್ಚಿ ಪಿಸ್ಟನ್ ಅಂಚನ್ನೇ ಕೀಳುತ್ತದೆ. 5 ದಾಟಬೇಕೆಂದರೆ ಎಂಜಿನ್ ಬಿಚ್ಚಿ ಫೋರ್ಜ್ಡ್ ಪಿಸ್ಟನ್, ಸರಿಯಾದ ಗ್ಯಾಪ್, ಶಾಖ ತಾಳುವ ಇಂಕೊನೆಲ್ ಮಿಶ್ರಲೋಹದ ಎಕ್ಸಾಸ್ಟ್ ವಾಲ್ವ್, ಗಟ್ಟಿ ಹೆಡ್ ಗ್ಯಾಸ್ಕೆಟ್ ಹಾಕಿ.

ಪ್ರಶ್ನೆ: ಇಂಧನಕ್ಕೆ ಏನು ಮಾಡಬೇಕು? ಕಿಟ್ ಜೊತೆ ಬರುವ, ಬೂಸ್ಟ್ ಏರಿದಂತೆ ಪ್ರೆಷರ್ ಏರಿಸುವ ರೆಗ್ಯುಲೇಟರ್ ಸಾಲದೇ?

ಉತ್ತರ (ಇಸಿಯು ಟ್ಯೂನರ್): ಆ ರೆಗ್ಯುಲೇಟರ್ ಪೆಟ್ರೋಲ್ ಹೆಚ್ಚಿಸುತ್ತದೆ, ಟೈಮಿಂಗ್ (ಕಿಡಿ ಹಾರುವ ಸಮಯ) ಮುಟ್ಟುವುದಿಲ್ಲ. ಅರ್ಧ ಕೆಲಸ ಮಾತ್ರ. ನಿಮ್ಮ ಮೆಫಿ ಕಂಟ್ರೋಲರ್‌ನ (ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು) 1 ಬಾರ್ ಮ್ಯಾಪ್ ಸೆನ್ಸರ್‌ಗೆ (ಇನ್‌ಟೇಕ್ ಒತ್ತಡ ಅಳೆಯುವುದು) ವಾತಾವರಣದ ಒತ್ತಡದಾಚೆ ಏನೂ ಕಾಣಿಸುವುದಿಲ್ಲ. ಬೂಸ್ಟ್ ಇದೆ ಎಂದೇ ಇಸಿಯುಗೆ ತಿಳಿಯದು. 2 ಬಾರ್ ಸೆನ್ಸರ್ ಹಾಕಿ, ಇಸಿಯುಗೆ ಇಂಧನ, ಟೈಮಿಂಗ್‌ಗಳ ಹೊಸ ಪಟ್ಟಿ ಬರೆಸಿ.

ಪ್ರತಿ ಎಚ್‌ಪಿಗೆ ಗಂಟೆಗೆ 0.6 ಪೌಂಡ್ ಪೆಟ್ರೋಲ್ ಎಂದಿಟ್ಟುಕೊಳ್ಳಿ. 525 ಎಚ್‌ಪಿಗೆ 315 ಪೌಂಡ್, ಅಂದರೆ ಗಂಟೆಗೆ 190 ಲೀಟರ್ ಮೀರುತ್ತದೆ. ಎಂಟು ಇಂಜೆಕ್ಟರ್‌ಗೆ ಹಂಚಿದರೆ ತಲಾ 39 ಪೌಂಡ್. ಶೇ. 80 ಡ್ಯೂಟಿ ಸೈಕಲ್‌ಗೆ (ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು) ನಿಲ್ಲಿಸಬೇಕು, ಹಾಗಾಗಿ 50 ಪೌಂಡ್ ಇಂಜೆಕ್ಟರ್ ತೆಗೆದುಕೊಳ್ಳಿ. ಪಂಪ್ ಗಂಟೆಗೆ 255 ಲೀಟರ್ ವರ್ಗದ್ದು. ಆ ಹರಿವು ಬರಿಯ ಪೈಪ್‌ನಲ್ಲಿ ಅಲ್ಲ, ರೈಲ್ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆ) ಪ್ರೆಷರ್‌ಗೆ ಬೂಸ್ಟ್ ಸೇರಿಸಿದ ಒತ್ತಡದಲ್ಲಿ ಸಿಗಬೇಕು.

ಹೆಚ್ಚಿನವರು ಮರೆಯುವುದು ಟ್ಯಾಂಕ್ ಕಡೆಯನ್ನು. ಟ್ಯಾಂಕ್ ಬಾಯಲ್ಲಿರುವ ಆ್ಯಂಟಿ ಸೈಫನ್ ವಾಲ್ವ್ ಕಿರಿದಾಗಿದ್ದರೆ ಎಷ್ಟು ದೊಡ್ಡ ಪಂಪ್ ಇದ್ದರೂ ಎಂಜಿನ್ ಪೆಟ್ರೋಲ್ ಕಡಿಮೆ ಇರುವ ಬಡಕಲು ಮಿಶ್ರಣದಲ್ಲೇ ಓಡುತ್ತದೆ. ಪಂಪ್‌ನ ಒಳಹರಿವಿನಲ್ಲಿ ವ್ಯಾಕ್ಯೂಮ್ ಗೇಜ್ ಹಾಕಿ ಪೂರ್ತಿ ಥ್ರಾಟಲ್‌ನಲ್ಲಿ ನೋಡಿ: 2 ಇಂಚು ಪಾದರಸ ಮೀರಬಾರದು. ಮೀರಿದರೆ ಅರ್ಧ ಇಂಚಿನ ಪೈಪ್, ದೊಡ್ಡ ರಂಧ್ರದ ವಾಲ್ವ್ ಹಾಕಿ. ವಾಲ್ವ್ ಕಿತ್ತೆಸೆಯಬೇಡಿ, ಪೈಪ್ ಸೀಳಿದ ದಿನ ಟ್ಯಾಂಕ್ ಪೂರ್ತಿ ಬಿಲ್ಜ್‌ಗೆ (ಬೋಟಿನ ಒಳತಳ) ಇಳಿಯದಂತೆ ತಡೆಯುವುದು ಅದೊಂದೇ.

ಪೂರ್ತಿ ಲೋಡ್‌ನಲ್ಲಿ ಗಾಳಿ–ಇಂಧನ ಅನುಪಾತ 11.5ರಿಂದ 11.8. ಟೈಮಿಂಗ್ ಒಟ್ಟು 26–28 ಡಿಗ್ರಿಯಿಂದ ಶುರು ಮಾಡಿ, ನಾಕ್ ಅಳೆಯದೆ ಮೇಲಕ್ಕೆ ಒಯ್ಯಬೇಡಿ. ಸ್ಪಾರ್ಕ್ ಪ್ಲಗ್ ಎರಡು ಹಂತ ತಣ್ಣಗಿನದು (ಶಾಖ ಬೇಗ ಬಿಟ್ಟುಕೊಡುವಂಥದು), ಗ್ಯಾಪ್ 0.7 ಮಿ.ಮೀ.; ಹೆಚ್ಚು ಬಿಟ್ಟರೆ ಬೂಸ್ಟ್‌ನಲ್ಲಿ ಕಿಡಿ ಆರಿ ಮಿಸ್ ಆಗುತ್ತದೆ. ಗಾಳಿ–ಇಂಧನ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಎಕ್ಸಾಸ್ಟ್‌ಗೆ ನೀರು ಸೇರುವ ಜಾಗಕ್ಕಿಂತ ಮುಂಚೆಯೇ ಇರಲಿ. ಹನಿ ತಾಗಿದರೂ ಅದರ ಸೆರಾಮಿಕ್ ಸೀಳುತ್ತದೆ. ಟ್ಯೂನಿಂಗ್ ಮುಗಿದ ಮೇಲೆ ಬಿಚ್ಚಿ ಆ ರಂಧ್ರಕ್ಕೆ ಬೋಲ್ಟ್ ಹಾಕಿ.

ಪ್ರಶ್ನೆ: ಬೇರೆ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಕೂಡ ಹಾಕಲೇ?

ಉತ್ತರ (ಟ್ಯೂನರ್): ಬೇಡ. ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಹೆಚ್ಚಿದರೆ ಐಡಲ್‌ನಲ್ಲಿ ಎಂಜಿನ್ ಎಕ್ಸಾಸ್ಟ್‌ನಲ್ಲಿರುವ ನೀರನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ, ವಾಲ್ವ್ ತುಕ್ಕು ಹಿಡಿಯುತ್ತದೆ. ಎಂಜಿನ್ ಬಿಚ್ಚುವ ದಿನ ಬಂದರೆ ಲೋಬ್ ಸೆಪರೇಷನ್ (ಕ್ಯಾಮ್‌ನ ಇನ್‌ಟೇಕ್, ಎಕ್ಸಾಸ್ಟ್ ಉಬ್ಬುಗಳ ನಡುವಿನ ಕೋನ) 112–114 ಡಿಗ್ರಿ ಇರುವುದನ್ನು ನೋಡಿ.

ಪ್ರಶ್ನೆ: ಇಂಟರ್‌ಕೂಲರ್‌ಗೆ ನೀರು ಎಂಜಿನ್ ಪಂಪ್‌ನಿಂದಲೇ ಕವಲು ತೆಗೆದರೆ ಆದೀತೇ? ಏರ್ ಫಿಲ್ಟರ್ ಕಾರಿನದ್ದೇ ಇದೆ.

ಉತ್ತರ (ಮೆಕ್ಯಾನಿಕ್): ಕವಲು ತೆಗೆದರೆ ಎಂಜಿನ್‌ಗೆ ನೀರು ಕಡಿಮೆಯಾಗಬಹುದು. ತಳದಲ್ಲಿ ಪ್ರತ್ಯೇಕ ಪಿಕಪ್ (ನೀರು ಒಳಬರುವ ಬಾಯಿ), ಸೀಕಾಕ್ (ಅದನ್ನು ಮುಚ್ಚುವ ವಾಲ್ವ್), ಸ್ಟ್ರೈನರ್ (ಕಸ ಸೋಸುವ ಜಾಲರಿ), ಹೊರಹೋಗುವ ನೀರು ಕಣ್ಣಿಗೆ ಕಾಣುವಂತೆ ಬದಿಯಲ್ಲಿ ತೂತು ಇರಲಿ. ಉಪ್ಪುನೀರಿನಲ್ಲಿ ಓಡಿಸಿದರೆ ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯಿರಿ, ವರ್ಷಕ್ಕೊಮ್ಮೆ ಕೋರ್ ಬಿಚ್ಚಿ ಪ್ರೆಷರ್ ಟೆಸ್ಟ್ ಮಾಡಿ. ಕೋರ್ ಸೋರಿದರೆ ನೀರು ನೇರ ಸಿಲಿಂಡರ್‌ಗೆ ಹೋಗುತ್ತದೆ. ನೀರು ಗಾಳಿಯಂತೆ ಕುಗ್ಗದು, ಸ್ಟಾರ್ಟ್ ಒತ್ತಿದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕಾರಿನ ಫಿಲ್ಟರ್ ಈಗಲೇ ತೆಗೆಯಿರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜ್‌ನಲ್ಲಿ ಕೂರುತ್ತದೆ. ಎಂಜಿನ್ ಬ್ಯಾಕ್‌ಫೈರ್ ಮಾಡಿದರೆ ಜ್ವಾಲೆ ಹೊರಬರದಂತೆ ತಡೆಯಲು ಸೂಪರ್‌ಚಾರ್ಜರ್ ಬಾಯಿಗೆ ಮೆರೈನ್ ಫ್ಲೇಮ್ ಅರೆಸ್ಟರ್ ಇರಲೇಬೇಕು. ಹೊಸ ಪಂಪ್, ರಿಲೇ, ಸ್ವಿಚ್ ಎಲ್ಲವೂ ಇಗ್ನಿಷನ್ ಪ್ರೊಟೆಕ್ಟೆಡ್ (ಒಳಗಿನ ಕಿಡಿ ಹೊರಗಿನ ಆವಿ ಹೊತ್ತಿಸದಂಥದು) ಆಗಿರಲಿ. ಇದರಲ್ಲಿ ಉಳಿತಾಯದ ಮಾತೇ ಬೇಡ, ಜೀವದ ವಿಷಯ.

ಬೆಲ್ಟ್ ಬಗ್ಗೆ: ಪುಲ್ಲಿಗಳು ಒಂದೇ ಸಾಲಿನಲ್ಲಿರಲಿ, ವ್ಯತ್ಯಾಸ 1 ಮಿ.ಮೀ. ಒಳಗೆ ಇರಲಿ, ಮೊದಲ ಒಂದು ಗಂಟೆ ಓಡಿದ ಮೇಲೆ ಮತ್ತೆ ಬಿಗಿ ನೋಡಿ.

ಪ್ರಶ್ನೆ: ಪ್ರೊಪೆಲ್ಲರ್ ಈಗಿರುವುದೇ ಸಾಕೇ?

ಉತ್ತರ (ಮೆಕ್ಯಾನಿಕ್): ಸಾಲದು. ಈ ಎಂಜಿನ್‌ನ ಪೂರ್ತಿ ಥ್ರಾಟಲ್ ಮಿತಿ 4,600–5,000 ಆರ್‌ಪಿಎಂ. ಹಳೆಯ ಪ್ರೊಪೆಲ್ಲರ್‌ನಲ್ಲೇ ಬಿಟ್ಟರೆ 5,400ಕ್ಕೆ ಹಾರಬಹುದು, ಆಗ ಸೆಂಟ್ರಿಫ್ಯೂಗಲ್‌ನ ಬೂಸ್ಟ್ 5ರಲ್ಲಿ ನಿಲ್ಲದೆ 5.8 ಆಗುತ್ತದೆ. ಅಂದರೆ ಇಲ್ಲಿ ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಆರಿಸುವುದೂ ಬೂಸ್ಟ್ ಆರಿಸಿದಂತೆಯೇ. ಪಿಚ್ 1 ಇಂಚು ಹೆಚ್ಚಿದರೆ ಆರ್‌ಪಿಎಂ 150–200 ಇಳಿಯುತ್ತದೆ. ಮೊದಲು 2 ಇಂಚು ಹೆಚ್ಚಿನದು ಹಾಕಿ ನೋಡಿ. ಅಲೆ ಹಾರಿ ಪ್ರೊಪೆಲ್ಲರ್ ನೀರಿಂದ ಹೊರಬಂದಾಗ ಥ್ರಾಟಲ್ ಇಳಿಸದಿದ್ದರೆ ಮತ್ತೆ ನೀರು ಮುಟ್ಟುವ ಕ್ಷಣದಲ್ಲಿ ಡ್ರೈವ್‌ನ ಮೇಲಿನ ಗೇರ್ ಹಲ್ಲು ಮುರಿಯುತ್ತದೆ. ಒರಟು ನೀರಿನಲ್ಲೇ ಓಡಿಸುವುದಾದರೆ ಹೆಚ್ಚು ಗಟ್ಟಿಯಾದ ಬ್ರಾವೋ ಒನ್ ಎಕ್ಸ್‌ಆರ್ ಡ್ರೈವ್‌ಗೆ ಈಗಲೇ ಹಣ ತೆಗೆದಿಡಿ.

ಮೊದಲ ಓಟ ಹಂತಹಂತವಾಗಿ: 3,000, 3,500, 4,000ದಲ್ಲಿ ಗಾಳಿ–ಇಂಧನ ಅನುಪಾತ ಬರೆದುಕೊಳ್ಳುತ್ತ ಹೋಗಿ. ಪೂರ್ತಿ ಥ್ರಾಟಲ್ ಹತ್ತೇ ಸೆಕೆಂಡು, ಎಂಜಿನ್ ನಿಲ್ಲಿಸಿ ಎಂಟೂ ಪ್ಲಗ್ ತೆಗೆದು ನೋಡಿ. ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿಯಷ್ಟು ಕಪ್ಪು ಅಥವಾ ಬೆಳ್ಳಿಯ ಚುಕ್ಕೆ ಕಂಡರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ತಕ್ಷಣ 2 ಡಿಗ್ರಿ ಟೈಮಿಂಗ್ ಇಳಿಸಿ, ಇಂಧನ ಪ್ರೆಷರ್ ಪರೀಕ್ಷಿಸಿ, ಕಾರಣ ಸಿಗುವ ತನಕ ಬೂಸ್ಟ್‌ಗೆ ಹೋಗಬೇಡಿ.